ನಮ್ಮ ಕೈ ಕಂಡಿತು, ಮುಖ ಕಾಣಲಿಲ್ಲ: ಚಲನಚಿತ್ರ ಅಕಾಡೆಮಿಗೂ ಮಲೆನಾಡಿಗೆ ಬರುವ ಚಿತ್ರತಂಡಗಳಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ, ಮಲೆನಾಡಿನಲ್ಲಿ ಶೂಟಿಂಗ್ ಮಾಡುವ ನಿರ್ದೇಶಕರು, ನಿರ್ಮಾಪಕರೆಲ್ಲರಿಗೆ,

ನಮಸ್ಕಾರ.

ಒಂದು ಸಿನಿಮಾ ಹೇಗೆ ತಯಾರಾಯಿತು ಎಂದು ತೋರಿಸುವ ಸಾಕ್ಷ್ಯಚಿತ್ರಗಳು ಈಗ ಕನ್ನಡದಲ್ಲೂ ಬರುತ್ತಿವೆ. ಮೊದಲೆಲ್ಲ ಹಾಡಿನ ಶೂಟಿಂಗಿನ ಎರಡು ಮೂರು ನಿಮಿಷದ ತುಣುಕು ಬಿಡುತ್ತಿದ್ದರು. ಈಗ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಮೇಕಿಂಗ್ ಚಿತ್ರಗಳಿವೆ. ಒಳ್ಳೆಯ ಬೆಳವಣಿಗೆ. ಸಿನಿಮಾ ಕಲಿಯುವ ಹುಡುಗ ಹುಡುಗಿಯರು ಅದನ್ನು ಪಾಠದ ಹಾಗೆ ನೋಡುತ್ತಾರೆ. ಮೂವತ್ತು ವರ್ಷ ಕಳೆದ ಮೇಲೆ ಈ ಸಿನಿಮಾ ಮಾಡಿದವರು ಯಾರು ಎಂದು ಯಾರಾದರೂ ಹುಡುಕಿದರೆ ಅವರ ಕೈಗೆ ಸಿಗುವ ದಾಖಲೆಯೂ ಅದೇ. ಹಾಗಾಗಿ ಆ ದಾಖಲೆಯೊಳಗೆ ಯಾರು ಇರುತ್ತಾರೆ, ಯಾರನ್ನು ಬಿಡುತ್ತಾರೆ ಎನ್ನುವುದು ಸಣ್ಣ ವಿಷಯ ಅಲ್ಲ ಎಂದು ಹೇಳುವುದಕ್ಕೆ ಈ ಪತ್ರ.

ನಾನು ಸಾಗರ ತಾಲ್ಲೂಕಿನವಳು. ಈ ಕಡೆಗೆ ಯುನಿಟ್ ಬಂದಾಗ ಮನೆ ಗೊತ್ತು ಮಾಡಿಕೊಡುವುದು, ಊರಿನವರನ್ನು ಜೂನಿಯರ್ ಆರ್ಟಿಸ್ಟ್ ಆಗಿ ನಿಲ್ಲಲು ಒಪ್ಪಿಸುವುದು, ಬೆಂಗಳೂರಿನಿಂದ ಬಂದ ನಟ ನಟಿಯರಿಗೆ ನಮ್ಮ ಕಡೆಯ ಮಾತು ಹೇಳಿಕೊಡುವುದು ನನ್ನ ಕೆಲಸ. ಟೈಟಲ್ ಕಾರ್ಡಿನಲ್ಲಿ ಈ ಕೆಲಸಕ್ಕೆ ಇನ್ನೂ ಒಂದು ಜಾಗ ಅಂತ ಗೊತ್ತಾಗಿಲ್ಲ. ಒಂದು ಚಿತ್ರದಲ್ಲಿ ‘ಸ್ಥಳೀಯ ಸಹಕಾರ’ ಅಂತ ಬಂದಿದ್ದೇನೆ, ಇನ್ನೊಂದರಲ್ಲಿ ‘ಕೃತಜ್ಞತೆ’ಯ ಕೆಳಗೆ, ಕೆಲವು ಚಿತ್ರಗಳಲ್ಲಿ ಎಲ್ಲೂ ಇಲ್ಲ.

ನಾನು ಕೆಲಸ ಮಾಡಿದ ಒಂದು ಚಿತ್ರದ ಮೇಕಿಂಗ್ ಈಚೆಗೆ ಬಿಡುಗಡೆಯಾಯಿತು. ಚಿತ್ರದ ಹೆಸರು ಹೇಳುವುದಿಲ್ಲ. ಒಂದು ತಂಡದ ಮೇಲೆ ದೂರು ಹೊರಿಸಿ ಸುಮ್ಮನಾಗುವ ವಿಷಯ ಇದಲ್ಲ, ನಾನು ನೋಡಿದ ಬಹುಪಾಲು ಮೇಕಿಂಗ್‌ಗಳು ಹೀಗೇ ಇವೆ. ನಿರ್ದೇಶಕರು ಮಾತಾಡುತ್ತಾರೆ, ಛಾಯಾಗ್ರಾಹಕರು ಮಾತಾಡುತ್ತಾರೆ, ಕಲಾ ನಿರ್ದೇಶಕರು, ಸಂಗೀತ ನಿರ್ದೇಶಕರು, ಸಂಕಲನಕಾರರು ಮಾತಾಡುತ್ತಾರೆ. ಎಲ್ಲರೂ ಗಂಡಸರು, ಎಲ್ಲರೂ ಬೆಂಗಳೂರಿನಿಂದ ಬಂದವರು. ಹೆಂಗಸರ ಪೈಕಿ ನಾಯಕ ನಟಿಯೊಬ್ಬರು ಮಾತಾಡುತ್ತಾರೆ. ಅವರಿಗೆ ಕೇಳಿದ ಪ್ರಶ್ನೆ, ಮಳೆಯಲ್ಲಿ ಸೀರೆ ಉಟ್ಟು ಓಡಾಡುವುದು ಕಷ್ಟವಾಯಿತೇ ಎಂಬುದು. ಪಾತ್ರದ ಬಗ್ಗೆ ಅವರು ಎಷ್ಟು ಯೋಚಿಸಿದ್ದರು, ನಮ್ಮ ಮಾತನ್ನು ಕಲಿಯಲು ರಾತ್ರಿ ಎಷ್ಟು ಹೊತ್ತು ಕೂರುತ್ತಿದ್ದರು ಅಂತ ನನಗೆ ಗೊತ್ತು. ಅದನ್ನು ಯಾರೂ ಕೇಳಲಿಲ್ಲ. ಕಾಡಿನ ಜಿಗಣೆ ಉಂಬಳದ ಬಗ್ಗೆ ಎರಡು ನಿಮಿಷ ಇದೆ. ಕೆಲಸ ಮಾಡಿದ ಊರಿನ ಜನರ ಬಗ್ಗೆ ಅಷ್ಟೂ ಇಲ್ಲ. ಇದು ನನಗೆ ಬಹಳ ನೋವು ಕೊಟ್ಟ ಸಂಗತಿ.

ಅದರಲ್ಲೂ ಒಂದು ದೃಶ್ಯದ ಬಗ್ಗೆ ವಿವರವಾಗಿ ಹೇಳಬೇಕು.

ಆ ಸಿನಿಮಾದಲ್ಲಿ ದೀವರ ಸಮುದಾಯದ ಮನೆಯೊಂದರ ಮದುವೆ ಬರುತ್ತದೆ. ಹಸೆಗೋಡೆ, ಅಂದರೆ ಮದುವೆಗೆ ಚಿತ್ತಾರ ಬರೆದ ಗೋಡೆ, ಬೇಕಾಗಿತ್ತು. ಪಕ್ಕದ ಊರಿನ ಅಕ್ಕ ಒಬ್ಬರನ್ನು ಕರೆತಂದೆ. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾದರೆ ಹಸೆ ಬರೆಯಲು ಮೊದಲು ನೆನಪಾಗುವುದು ಅವರೇ. ಕಲಾ ವಿಭಾಗದವರು ಗೋಡೆಗೆ ಡಬ್ಬದ ಬಣ್ಣ ಹೊಡೆದು, ಬ್ರಷ್ ತಂದುಕೊಟ್ಟಿದ್ದರು. ಅಕ್ಕ ಒಪ್ಪಲಿಲ್ಲ. ಕೆಮ್ಮಣ್ಣು ಕಲಸಿ ಗೋಡೆಯನ್ನು ಮತ್ತೆ ಬಳಿದರು. ಅಕ್ಕಿ ನೆನೆಸಿ ಅರೆದು ಬಿಳಿ ಮಾಡಿಕೊಂಡರು, ಅಕ್ಕಿಯನ್ನೇ ಕರಿಯಾಗುವಷ್ಟು ಹುರಿದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಆ ನಾರನ್ನು ಬೆರಳುಗಳ ನಡುವೆ ಬಿಗಿ ಹಿಡಿದು ಗೋಡೆಗೆ ಒರಗಿಸಿ ಒಂದೊಂದೇ ಎಳೆ ಎಳೆಯುತ್ತಾರೆ. ಅಳತೆ ಕೋಲು ಇಲ್ಲ, ಮೊದಲೇ ಹಾಕಿಕೊಂಡ ಗುರುತೂ ಇಲ್ಲ. ಆದರೂ ಎಳೆಗಳ ನಡುವಿನ ಸಂದು ಮೇಲಿನಿಂದ ಕೆಳಗಿನ ತನಕ ಒಂದೇ ಸಮ. ಎಳೆ ಮುಗಿಯುವವರೆಗೆ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ಮದುಮಕ್ಕಳು ಎಲ್ಲಿ ಬರಬೇಕು, ದಂಡಿಗೆ ಅಂದರೆ ಪಲ್ಲಕ್ಕಿ ಎಲ್ಲಿ, ಅಂಚಿಗೆ ಏನು ಎನ್ನುವುದನ್ನೆಲ್ಲ ತಾವೇ ತೀರ್ಮಾನಿಸಿದರು. ನಡುವೆ ಒಮ್ಮೆ ತಿರುಗಿ, ಕ್ಯಾಮೆರಾ ಯಾವ ಕಡೆ ಇಡ್ತೀರಿ, ದೀಪ ಎಲ್ಲಿ ಹಚ್ಚಿಡ್ತೀರಿ ಅಂತ ಕೇಳಿದರು. ಹೇಳಿದ ಮೇಲೆ ಕತ್ತಲು ಬೀಳುವ ಮೂಲೆಯಲ್ಲಿ ಬಿಳಿ ಎಳೆಗಳನ್ನು ಒಂದು ಸ್ವಲ್ಪ ದಪ್ಪ ಮಾಡಿದರು. ಸಿನಿಮಾದಲ್ಲಿ ಆ ಗೋಡೆ ರಾತ್ರಿ ದೃಶ್ಯದಲ್ಲೂ ಎದ್ದು ಕಾಣುತ್ತದಲ್ಲ, ಅದಕ್ಕೆ ಕಾರಣ ಇದು.

ಮೇಕಿಂಗ್‌ನಲ್ಲಿ ಈ ಗೋಡೆ ಬರುತ್ತದೆ. ಒಂದು ದಿನದ ಕೆಲಸವನ್ನು ಹತ್ತು ಸೆಕೆಂಡಿಗೆ ಇಳಿಸಿ ಓಡಿಸಿದ್ದಾರೆ. ಗಾಜಿನ ಬಳೆ ತೊಟ್ಟ ಒಂದು ಕೈ ಗೋಡೆಯ ಮೇಲೆ ಓಡಾಡುತ್ತದೆ. ಹಿನ್ನೆಲೆಯಲ್ಲಿ ಕಲಾ ನಿರ್ದೇಶಕರ ದನಿ, ಈ ಭಾಗದ ಕಲೆಯನ್ನು ಅಧ್ಯಯನ ಮಾಡಿ ಈ ಗೋಡೆಯನ್ನು ರೂಪಿಸಿದೆವು ಅಂತ. ಅಕ್ಕ ಅದನ್ನು ಮಗನ ಮೊಬೈಲಿನಲ್ಲಿ ನೋಡಿದರು. ನೋಡಿ ನನಗೆ ಫೋನ್ ಮಾಡಿದರು. “ಬಳೆ ನಂದೇ ಹೌದು ಕಣೆ. ಮುಖ ಎಲ್ ಹೋತು?” ಅಂದರು. ಅವರ ಪ್ರಶ್ನೆಯನ್ನು ನಾನು ನಿಮಗೆ ದಾಟಿಸುತ್ತಿದ್ದೇನೆ.

ಕಲಾ ನಿರ್ದೇಶಕರ ಮೇಲೆ ನನಗೆ ಸಿಟ್ಟಿಲ್ಲ. ಸೆಟ್ಟಿನಲ್ಲಿ ಅಕ್ಕನಿಗೆ ಕುರ್ಚಿ ತರಿಸಿ ಕೂರಿಸಿದವರು, ಅವರು ಬೇಡ ಅಂದ ಬಣ್ಣವನ್ನು ಮರುಮಾತಿಲ್ಲದೆ ವಾಪಸ್ಸು ಕಳಿಸಿದವರು ಅವರೇ. ಮೇಕಿಂಗ್ ತೆಗೆದ ಹುಡುಗನೂ ಒಳ್ಳೆಯವನು. ಆದರೆ ಅವನ ಕೈಗೆ ಮೊದಲೇ ಒಂದು ಪಟ್ಟಿ ಕೊಟ್ಟಿದ್ದರು. ಯಾರನ್ನು ಕೂರಿಸಿ ಮಾತಾಡಿಸಬೇಕು ಎನ್ನುವ ಪಟ್ಟಿ. ಅದರಲ್ಲಿ ಇದ್ದದ್ದು ವಿಭಾಗದ ಮುಖ್ಯಸ್ಥರ ಹೆಸರುಗಳು ಮಾತ್ರ. ಗಂಟು ಇರುವುದು ಇಲ್ಲಿ. ನಮ್ಮ ಚಿತ್ರರಂಗದಲ್ಲಿ ವಿಭಾಗದ ಮುಖ್ಯಸ್ಥರು ಅಂದರೆ ಹೆಚ್ಚುಕಡಿಮೆ ಗಂಡಸರೇ, ನಗರದವರೇ. ಮುಖ್ಯಸ್ಥರನ್ನಷ್ಟೇ ಮಾತಾಡಿಸಿದರೆ ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇಲ್ಲದೆಯೇ ಉಳಿದವರೆಲ್ಲ ಮಾಯವಾಗುತ್ತಾರೆ.

ಮುಖ್ಯಸ್ಥರು ಗಂಡಸರೇ ಯಾಕೆ ಎನ್ನುವುದಕ್ಕೂ ಇತಿಹಾಸ ಇದೆ. ಮುಂಬೈನ ಮೇಕಪ್ ಕಲಾವಿದರ ಸಂಘದಲ್ಲಿ ಹೆಂಗಸರಿಗೆ ಕೂದಲು ಬಾಚುವ ಕೆಲಸದ ಕಾರ್ಡ್ ಮಾತ್ರ ಕೊಡುತ್ತಿದ್ದರು. ಮೇಕಪ್ ಮಾಡುವ ಕಾರ್ಡ್ ಗಂಡಸರಿಗೆ. ಕಲಿತು ಬಂದ ಹೆಂಗಸರು ಕೋರ್ಟಿಗೆ ಹೋಗಬೇಕಾಯಿತು. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ನವೆಂಬರಿನಲ್ಲಿ. ನಮ್ಮ ಕನ್ನಡದಲ್ಲಿ ಪ್ರೇಮಾ ಕಾರಂತರು ರಂಗಭೂಮಿಯಲ್ಲಿ ವಸ್ತ್ರವಿನ್ಯಾಸ ಮಾಡುತ್ತಿದ್ದವರು. ಅವರು 1983ರಲ್ಲಿ ‘ಫಣಿಯಮ್ಮ’ ನಿರ್ದೇಶಿಸಿದರು. ಅದರ ಕಥೆ ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರದ್ದು. ತೆರೆಯ ಹಿಂದೆ ಬಟ್ಟೆ ಆರಿಸುತ್ತಿದ್ದ ಒಬ್ಬ ಹೆಂಗಸು ಮುಂದೊಂದು ದಿನ ಇಡೀ ಸಿನಿಮಾ ಕಟ್ಟುತ್ತಾರೆ ಎಂದರೆ, ತೆರೆಯ ಹಿಂದಿನ ಕೆಲಸವೂ ಯೋಚನೆಯ ಕೆಲಸ ಎಂದೇ ಅರ್ಥ. ಅಲ್ಲಿರುವವರ ಮಾತು ಕೇಳಿಸಿಕೊಳ್ಳಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ.

ಕೆಲಸ ಕಾಣದೇ ಹೋಗುವುದು ಹೆಂಗಸರದ್ದು ಮಾತ್ರ ಅಲ್ಲ. ಅದೇ ಮೇಕಿಂಗ್‌ನಲ್ಲಿ ಮಳೆಯ ದೃಶ್ಯದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ಹೆಮ್ಮೆ ಪಡಬೇಕಾದ ಕೆಲಸವೇ. ಹಳ್ಳ ತುಂಬಿ ಹರಿಯುತ್ತಿತ್ತು. ಕಾಲುಸಂಕದ ಮೇಲೆ ಕ್ಯಾಮೆರಾ ಪೆಟ್ಟಿಗೆ, ಲೈಟು, ಕೇಬಲ್ ಸುರುಳಿ ಎಲ್ಲ ಹೊತ್ತು ದಾಟಿಸಿದವರು ಹಸಲರು ಎಂಬ ಸಮುದಾಯದ ಕೇರಿಯ ಹುಡುಗರು. ಶಾಟ್ ನಡೆಯುವಷ್ಟು ಹೊತ್ತೂ ಕ್ಯಾಮೆರಾಕ್ಕೆ ಹನಿ ತಾಗದ ಹಾಗೆ ಪ್ಲಾಸ್ಟಿಕ್ ಹಿಡಿದು ನಿಂತವನೂ ಅವರಲ್ಲಿ ಒಬ್ಬ. ಗಾಳಿ ಯಾವ ಕಡೆ ತಿರುಗುತ್ತದೆ, ಮಳೆ ಎಷ್ಟು ಹೊತ್ತಿಗೆ ಹೊಳವಾಗುತ್ತದೆ ಅಂತ ನೋಡಿ ಹೇಳುತ್ತಿದ್ದ. ಅವನ ಮಾತಿನ ಮೇಲೆ ಅಸೋಸಿಯೇಟ್ ಡೈರೆಕ್ಟರ್ ಶಾಟ್ ಹಿಂದೆ ಮುಂದೆ ಮಾಡಿಕೊಂಡರು. ಮೇಕಿಂಗ್‌ನಲ್ಲಿ ಅವನ ಬೆನ್ನು ಇದೆ. ಲೈಟ್ ಬಾಯ್‌ಗಳು, ಜನರೇಟರ್ ನೋಡಿಕೊಂಡವರು, ಬೆಳಗಿನ ಜಾವ ಎದ್ದು ಇಡೀ ಯುನಿಟ್ಟಿಗೆ ತಿಂಡಿ ಮಾಡಿ ಹಾಕಿದವರು ಯಾರ ದನಿಯೂ ಇಲ್ಲ.

ಬದಲಿಗೆ ಇರುವುದು ಡ್ರೋನ್ ಹಾರಿಸಿ ತೆಗೆದ ಕಾಡು, ಮಂಜು, ತೋಟ, ಮತ್ತು ‘ಇಲ್ಲಿನ ಜನ ತುಂಬಾ ಮುಗ್ಧರು’ ಅನ್ನುವ ಒಂದು ಮಾತು. ಈ ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೂ ಅದು ಸರಿಯಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಎಪ್ಪತ್ತರ ದಶಕದಲ್ಲೇ ನೀನಾಸಮ್ ಎಂಬ ನಾಟಕ ಸಂಸ್ಥೆಯವರು ಚಿತ್ರಸಮಾಜ ಕಟ್ಟಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರಂಥವರು ಇಲ್ಲಿಗೆ ಬಂದು ಸಿನಿಮಾ ರಸಗ್ರಹಣದ ಪಾಠ ಮಾಡಿದ್ದಾರೆ. ದೇಶ ದೇಶಗಳ ಸಿನಿಮಾ ನೋಡಿ, ಅದರ ಮೇಲೆ ವಾದ ಮಾಡಿ, ಬೆಳಿಗ್ಗೆ ಎದ್ದು ತೋಟಕ್ಕೆ ಹೋದವರು ಇಲ್ಲಿದ್ದಾರೆ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಸಾಗರದ ಸುತ್ತಮುತ್ತ ನಾಟಕದಲ್ಲಿ ಬೆಳಕು ಮಾಡಿದವರು, ಪರದೆ ಹೊಲಿದವರು, ಪಾತ್ರ ಮಾಡಿದವರು ಊರೂರಿಗೂ ಸಿಗುತ್ತಾರೆ. ಯುನಿಟ್ ಬಂದಾಗ ಇಂಥವರೇ ಕೆಲಸಕ್ಕೆ ಬರುವುದು. ಅವರನ್ನು ಮುಗ್ಧರು ಅಂತ ಕರೆದುಬಿಟ್ಟರೆ ಅವರಿಗೆ ಕೇಳಬಹುದಾದ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಂತುಹೋಗುತ್ತವೆ.

ನಮ್ಮ ನಮ್ಮೊಳಗಿನ ವಿಷಯವನ್ನೂ ಹೇಳಿಯೇ ಮುಂದೆ ಹೋಗಬೇಕು. ಮಲೆನಾಡು ಅಂದರೆ ಸಿನಿಮಾದವರಿಗೆ ಬೇಕಾಗುವುದು ತೊಟ್ಟಿ ಮನೆ, ಅಡಿಕೆ ಅಂಗಳ, ಹಳೆಯ ಮರದ ಕಂಬ. ಅವು ಇರುವುದು ಜಮೀನು ಇದ್ದವರ ಹತ್ತಿರ. ಶೂಟಿಂಗ್ ಮುಗಿದ ಮೇಲೆ ಕೃತಜ್ಞತೆಯಲ್ಲಿ ಆ ಮನೆಯ ಯಜಮಾನರ ಹೆಸರು ಬರುತ್ತದೆ, ಮೇಕಿಂಗ್‌ನಲ್ಲಿ ಜಗಲಿ ಮೇಲೆ ಕೂತು ಅವರು ನಾಲ್ಕು ಮಾತೂ ಆಡುತ್ತಾರೆ. ಆ ಅಂಗಳವನ್ನು ಸಗಣಿ ಹಾಕಿ ಸಾರಿಸಿದವಳು, ಶೂಟಿಂಗಿಗಾಗಿ ದಿನವೂ ಎರಡೆರಡು ಸಲ ಸಾರಿಸಿದವಳು, ಮನೆಯ ಕೆಲಸದವಳಾದ್ದರಿಂದ ಯುನಿಟ್ಟಿನ ಲೆಕ್ಕಕ್ಕೂ ಸೇರುವುದಿಲ್ಲ, ಮೇಕಿಂಗ್‌ಗೂ ಸೇರುವುದಿಲ್ಲ. ಬೆಂಗಳೂರಿನವರು ನಮ್ಮನ್ನು ಬಿಟ್ಟರು ಎಂದು ದೂರುವ ನಾವು, ನಮ್ಮಲ್ಲೇ ಯಾರನ್ನು ಬಿಟ್ಟೆವು ಎಂದು ನೋಡದೆ ಇದ್ದರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ. ದೀವರು, ಹಸಲರು, ಗೊಂಡರು, ಒಕ್ಕಲಿಗರು, ಹವ್ಯಕರು, ಮುಸ್ಲಿಮರು, ಕ್ರೈಸ್ತರು, ತಮಿಳು ಮಾತಾಡುವ ಕೂಲಿ ಕುಟುಂಬಗಳು ಎಲ್ಲರೂ ಇರುವ ನಾಡು ಇದು. ಕ್ಯಾಮೆರಾ ಹೋದ ಕಡೆಯೆಲ್ಲ ಒಂದೇ ಜಗಲಿ ಕಂಡರೆ ಅದರಲ್ಲಿ ಊರಿನ ಪಾಲೂ ಇದೆ.

ಹಾಗಂತ ಎಲ್ಲ ಜಾತಿಯವರನ್ನೂ ಒಂದೊಂದು ಶಾಟ್ ಸಾಲಾಗಿ ನಿಲ್ಲಿಸಿ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಅದು ಇನ್ನೂ ಬೇಸರದ ಕೆಲಸ. ಹಾಡಿಯ ಅಜ್ಜಿಯೊಬ್ಬಳು ನಗುವ ಕ್ಲೋಸಪ್, ಅವಳ ಸುಕ್ಕು, ಅವಳ ಎಲೆ ಅಡಿಕೆ, ಹಿಂದೆ ಒಂದು ಕೊಳಲು. ಅಜ್ಜಿ ಸಿನಿಮಾಕ್ಕೆ ಏನು ಕೆಲಸ ಮಾಡಿದಳು ಎಂಬುದೇ ಗೊತ್ತಾಗುವುದಿಲ್ಲ. ಮುಖ ತೋರಿಸಿ ಕೆಲಸ ಮರೆಸುವುದು, ಕೆಲಸ ತೋರಿಸಿ ಮುಖ ಮರೆಸುವುದು ಎರಡೂ ಒಂದೇ. ಹೆಸರು ಬೇಕು, ಮಾಡಿದ ಕೆಲಸ ಬೇಕು, ಆ ಕೆಲಸದ ಬಗ್ಗೆ ಅವರದೇ ಮಾತು ಬೇಕು. ಪ್ರಶ್ನೆ ಕೇಳುವಾಗಲೂ ನಿರ್ದೇಶಕರಿಗೆ ಕೇಳುವ ಥರದ್ದೇ ಪ್ರಶ್ನೆ ಕೇಳಿ. ಈ ಎಳೆಯನ್ನು ಯಾಕೆ ಹೀಗೆ ಎಳೆದಿರಿ? ಇಲ್ಲಿ ಏನು ಕಷ್ಟ ಇತ್ತು? ನಿಮ್ಮ ಮಾತು ಕೇಳದೆ ಹೋಗಿದ್ದರೆ ಏನಾಗುತ್ತಿತ್ತು? ಶೂಟಿಂಗ್ ನೋಡಿ ಖುಷಿಯಾಯಿತಾ, ಹೀರೋ ಜೊತೆ ಫೋಟೊ ತೆಗೆಸಿಕೊಂಡಿರಾ ಎನ್ನುವ ಪ್ರಶ್ನೆಗಳನ್ನು ಇನ್ನು ಬಿಡಿ.

ಇಷ್ಟೆಲ್ಲ ಯಾಕೆ ಮುಖ್ಯ ಎಂದು ಕೇಳುವವರಿಗೆ ಹೊಟ್ಟೆಪಾಡಿನ ಉತ್ತರವೇ ಇದೆ. ಈ ಕ್ಷೇತ್ರದಲ್ಲಿ ಮುಂದಿನ ಕೆಲಸ ಸಿಗುವುದು ಹಿಂದಿನ ಕೆಲಸ ತೋರಿಸಿ. ಬೆಂಗಳೂರಿನ ಸಹಾಯಕ ಕಲಾ ನಿರ್ದೇಶಕನೊಬ್ಬ ಮೇಕಿಂಗ್‌ನ ತುಣುಕು ತೋರಿಸಿ ಇನ್ನೊಂದು ಚಿತ್ರಕ್ಕೆ ಹೋಗುತ್ತಾನೆ. ನಮ್ಮ ಅಕ್ಕ ಯಾವ ತುಣುಕು ತೋರಿಸಬೇಕು? 2024ರಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ, ಆ ಹಣವನ್ನು ಕೆಲಸಗಾರರ ಕಲ್ಯಾಣಕ್ಕೆ ಬಳಸುವ ಏರ್ಪಾಡು ಅದರಲ್ಲಿದೆ. ಬಹಳ ಒಳ್ಳೆಯ ಹೆಜ್ಜೆ. ಆದರೆ ನಾಳೆ ಹಸಲರ ಕೇರಿಯ ಆ ಹುಡುಗ ತಾನೂ ಸಿನಿಮಾ ಕೆಲಸಗಾರ ಎಂದು ಹೋದರೆ ಅವನ ಕೈಯಲ್ಲಿ ಏನಿರುತ್ತದೆ? ಕಾಲ್‌ಶೀಟ್ ಇಲ್ಲ, ವೋಚರ್ ಇಲ್ಲ, ಟೈಟಲ್ ಕಾರ್ಡಿನಲ್ಲಿ ‘ಸಮಸ್ತ ಗ್ರಾಮಸ್ಥರು’ ಎಂದಿದೆ. ಬಾಟಾ, ಅಂದರೆ ದಿನದ ದುಡ್ಡು, ಕೈಗೆ ಬಂದದ್ದು ನೋಟಿನಲ್ಲಿ. ಅವನು ಅಲ್ಲಿ ಇದ್ದ ಎನ್ನುವುದಕ್ಕೆ ಉಳಿದಿರುವುದು ಮೇಕಿಂಗ್‌ನಲ್ಲಿ ಕಾಣುವ ಅವನ ಬೆನ್ನು ಮಾತ್ರ.

ಹೆಂಗಸರ ಸುರಕ್ಷತೆಗೂ ಇದಕ್ಕೂ ಸಂಬಂಧ ಇದೆ. ಕೇರಳ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಗೆ ಬಂತು. ದೊಡ್ಡ ಹೆಸರುಗಳ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು. ಅದರಲ್ಲಿ ಶೂಟಿಂಗ್ ಜಾಗದಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ ಎನ್ನುವ ಮಾತೂ ಇದೆ. ಇಲ್ಲಿಯೂ ಹಾಗೇ. ಕ್ಯಾರವಾನ್ ಮುಖ್ಯ ನಟರಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮದುವೆ ಚಪ್ಪರದಲ್ಲಿ ಕೂತ ನಮ್ಮ ಹೆಂಗಸರು ತೋಟದ ಕಡೆ ಹೋಗಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಊರಿನ ಜೂನಿಯರ್ ಆರ್ಟಿಸ್ಟ್‌ಗಳಿಗೆ ಹೇಳಿದ್ದನ್ನು ನಾನು ನೋಡಿಲ್ಲ. ಮೇಕಿಂಗ್ ತೆಗೆಯುವ ಕ್ಯಾಮೆರಾ ದಿನವಿಡೀ ಸೆಟ್ಟಿನ ಮೂಲೆ ಮೂಲೆಗೆ ಓಡಾಡುತ್ತದೆ. ಇವರನ್ನೂ ಒಂದು ಮಾತು ಕೇಳುತ್ತದೆ ಎಂದಾದರೆ ಯುನಿಟ್ಟಿನ ನಡವಳಿಕೆಯೂ ತಾನಾಗಿ ಸ್ವಲ್ಪ ನೆಟ್ಟಗಾಗುತ್ತದೆ ಎಂದು ನನ್ನ ನಂಬಿಕೆ.

ಹೀಗೆ ಮಾಡಿದ ಮೇಕಿಂಗ್ ಇದೆಯೇ? ಇದೆ. ಪೆರು ದೇಶದ ಕಾಡಿನಲ್ಲಿ ಜರ್ಮನಿಯ ವರ್ನರ್ ಹೆರ್ಜೋಗ್ ಒಂದು ಸಿನಿಮಾ ಮಾಡುತ್ತಿದ್ದಾಗ ಅದರ ಮೇಲೆ ಅಮೆರಿಕದ ಲೆಸ್ ಬ್ಲಾಂಕ್ ತೆಗೆದ ಸಾಕ್ಷ್ಯಚಿತ್ರ ‘ಬರ್ಡನ್ ಆಫ್ ಡ್ರೀಮ್ಸ್’ 1982ರಲ್ಲಿ ಬಂತು. ಹಡಗನ್ನು ಗುಡ್ಡ ಹತ್ತಿಸುವ ನಿರ್ದೇಶಕರ ಹಟ ಅದರಲ್ಲಿದೆ. ಜೊತೆಗೆ ಆ ಕೆಲಸಕ್ಕೆ ಬಂದ ಅಲ್ಲಿನ ಮೂಲನಿವಾಸಿಗಳ ಬಿಡಾರವೂ ಇದೆ, ಅವರ ಹೆಂಗಸರು ಮರಗೆಣಸಿನಿಂದ ಮಸಾಟೊ ಎಂಬ ಪಾನೀಯ ಮಾಡುವುದೂ ಇದೆ, ಚಿತ್ರತಂಡದ ಬಗ್ಗೆ ಆ ಜನರಲ್ಲಿದ್ದ ಅಸಮಾಧಾನವೂ ಇದೆ. ಆ ಚಿತ್ರದ ಶಬ್ದಗ್ರಹಣ, ಸಂಕಲನ ಎರಡನ್ನೂ ಮಾಡಿದವರು ಮೌರೀನ್ ಗಾಸ್ಲಿಂಗ್ ಎಂಬ ಹೆಣ್ಣುಮಗಳು. ಅದರಲ್ಲೂ ಕುಂದು ಹುಡುಕಬಹುದು. ಆದರೆ ಸಿನಿಮಾ ಒಂದು ಊರಿನೊಳಗೆ ಇಳಿದಾಗ ಎರಡು ಕಡೆಯ ಬದುಕೂ ಕಾಣಬೇಕು ಎನ್ನುವ ಎಚ್ಚರ ನಲವತ್ತು ವರ್ಷದ ಹಿಂದೆಯೇ ಅವರಿಗಿತ್ತು. ನಮ್ಮ ಹತ್ತಿರ ಈಗ ಅವರಿಗಿಂತ ಚಿಕ್ಕ ಕ್ಯಾಮೆರಾ ಇದೆ, ರೀಲು ಮುಗಿಯುವ ಭಯ ಇಲ್ಲ.

ಹಣ ಇಲ್ಲ, ಸಮಯ ಇಲ್ಲ ಎನ್ನುವ ಉತ್ತರವನ್ನು ನಾನು ಬಹಳ ಸಲ ಕೇಳಿದ್ದೇನೆ. ಅಕ್ಕ ಬರೆಯುವಾಗ ಮೇಕಿಂಗ್ ಕ್ಯಾಮೆರಾ ಅಲ್ಲೇ ಇತ್ತು. ಅವರ ಕೈ ತೆಗೆಯಲು ಹಿಡಿದ ಕ್ಯಾಮೆರಾವನ್ನು ಒಂದು ಮೊಳ ಮೇಲೆತ್ತಿ, ಅಕ್ಕ ನಿಮ್ಮ ಹೆಸರೇನು ಎಂದು ಕೇಳಿದ್ದರೆ ಯಾವ ನಿರ್ಮಾಪಕರಿಗೂ ಒಂದು ರೂಪಾಯಿ ಹೆಚ್ಚಿಗೆ ಖರ್ಚಾಗುತ್ತಿರಲಿಲ್ಲ.

ಈಗ ಅಕಾಡೆಮಿಯವರ ಹತ್ತಿರ ನನ್ನ ಕೇಳಿಕೆ.

ಸರ್ಕಾರದ ಸಹಾಯಧನ ಕೇಳುವ ಚಿತ್ರಗಳು ಹೊರಾಂಗಣದಲ್ಲಿ ಕೆಲಸ ಮಾಡಿದ ಊರಿನವರ ಹೆಸರು, ಅವರು ಮಾಡಿದ ಕೆಲಸ, ಕೊಟ್ಟ ಸಂಭಾವನೆಯ ಪಟ್ಟಿಯನ್ನು ಅರ್ಜಿಯ ಜೊತೆ ಕೊಡಬೇಕು ಎಂದು ನಿಯಮ ಮಾಡುವಂತೆ ವಾರ್ತಾ ಇಲಾಖೆಗೆ ನೀವು ಶಿಫಾರಸು ಮಾಡಿ. ಆ ಪಟ್ಟಿಯಲ್ಲಿರುವ ಹೆಸರುಗಳು ಟೈಟಲ್ ಕಾರ್ಡಿನಲ್ಲೂ ಬರಲಿ. ಮೇಕಿಂಗ್ ಮಾಡುವ ತಂಡಗಳಲ್ಲಿ ಶೂಟಿಂಗ್ ನಡೆಯುವ ತಾಲ್ಲೂಕಿನ ಒಬ್ಬ ಹುಡುಗಿಗೋ ಹುಡುಗನಿಗೋ ಕೆಲಸ ಕೊಡಿಸಿ. ಕ್ಯಾಮೆರಾದ ಮುಂದೆ ಯಾರು ಕೂರಬೇಕು ಎನ್ನುವುದು ಕ್ಯಾಮೆರಾದ ಹಿಂದೆ ಯಾರಿದ್ದಾರೆ ಎನ್ನುವುದರ ಮೇಲೇ ನಿಂತಿದೆ. ಶಿವಮೊಗ್ಗ, ಸಾಗರದ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವ ಹೆಣ್ಣುಮಕ್ಕಳು ಮೊಬೈಲಿನಲ್ಲೇ ಚೆನ್ನಾಗಿ ಚಿತ್ರ ಮಾಡುತ್ತಾರೆ. ಅವರಿಗೆ ಯುನಿಟ್ಟಿನ ಬಾಗಿಲು ತೆರೆಯಬೇಕು ಅಷ್ಟೆ. ಕೇರಳದಲ್ಲಿ ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳಾ ನಿರ್ದೇಶಕರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ನಿರ್ದೇಶಕರಿಗೆ ಒಂದು ಚಿತ್ರಕ್ಕೆ 1.5 ಕೋಟಿ ರೂಪಾಯಿವರೆಗೆ ಕೊಟ್ಟು ಸಿನಿಮಾ ಮಾಡಿಸುತ್ತಿದೆ. ಅಷ್ಟು ದೊಡ್ಡದನ್ನು ನಾಳೆಯೇ ಮಾಡಿ ಎನ್ನುವುದಿಲ್ಲ. ವರ್ಷಕ್ಕೆ ನಾಲ್ಕು ಮೇಕಿಂಗ್ ಸಾಕ್ಷ್ಯಚಿತ್ರಗಳಿಗೆ ಸಣ್ಣ ಧನಸಹಾಯ ಕೊಟ್ಟು, ಅದನ್ನು ಆಯಾ ಊರಿನವರ ಕೈಯಲ್ಲೇ ಮಾಡಿಸಬಹುದು.

ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದ್ದು. 1970ರ ‘ಸಂಸ್ಕಾರ’ ಶೂಟಿಂಗ್ ಆಗಿದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಪಟ್ಟಾಭಿರಾಮ ರೆಡ್ಡಿ, ಗಿರೀಶ ಕಾರ್ನಾಡ, ಸ್ನೇಹಲತಾ ರೆಡ್ಡಿ, ಆಸ್ಟ್ರೇಲಿಯಾದಿಂದ ಬಂದ ಛಾಯಾಗ್ರಾಹಕ ಟಾಮ್ ಕೋವನ್ ಇವರೆಲ್ಲರ ಬಗ್ಗೆ ಓದಲು ಸಿಗುತ್ತದೆ. ಆ ಅಗ್ರಹಾರದಲ್ಲಿ ಯುನಿಟ್ಟಿಗೆ ನೀರು ಹೊತ್ತವರ ಬಗ್ಗೆ, ಜನಸಂದಣಿಯಲ್ಲಿ ನಿಂತವರ ಬಗ್ಗೆ ಓದಲು ಏನು ಸಿಗುತ್ತದೆ? ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದಾಗ ಊರಿಗೆ ಊರೇ ಅದರೊಳಗೆ ಸೇರಿಕೊಂಡಿತ್ತು. ಅಂಗಡಿಯವರು, ಶಾಲೆ ಮಕ್ಕಳು, ಬಸ್ ಸ್ಟ್ಯಾಂಡಿನವರು. ಆಗ ಮಕ್ಕಳಾಗಿದ್ದವರಿಗೆ ಈಗ ಐವತ್ತರ ಹತ್ತಿರ. ಆಗ ಐವತ್ತಾಗಿದ್ದವರಲ್ಲಿ ಎಷ್ಟು ಜನ ಉಳಿದಿದ್ದಾರೋ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರೂ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನವರೂ ಸೇರಿ ಹಳೆಯ ನೆಗೆಟಿವ್‌ನಿಂದ ಹೊಸದು ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದವರ ಸಿನಿಮಾಕ್ಕೆ ಅಂಥ ಗೌರವ ಸಿಕ್ಕಿದ್ದಕ್ಕೆ ನಾವೆಲ್ಲ ಸಂಭ್ರಮ ಪಟ್ಟೆವು. ನೆಗೆಟಿವ್ ಉಳಿದಿದ್ದರೆ ಗೀರು ತೆಗೆಯಬಹುದು, ಬಣ್ಣ ಸರಿ ಮಾಡಬಹುದು. ಬರೆದಿಡದ ಹೆಸರನ್ನು ಯಾವ ಲ್ಯಾಬಿನಲ್ಲೂ ತರಲು ಆಗುವುದಿಲ್ಲ.

ಆದ್ದರಿಂದ ವೈಕುಂಠಪುರ, ಆಗುಂಬೆ, ಹೊಸನಗರ ತಾಲ್ಲೂಕಿನ ಅರಸಾಳು ಈ ಮೂರು ಕಡೆಯಿಂದ ಶುರು ಮಾಡಿ, ಹಳೆಯ ಶೂಟಿಂಗ್‌ಗಳಲ್ಲಿ ಕೆಲಸ ಮಾಡಿದವರ ಮಾತನ್ನು ಧ್ವನಿಮುದ್ರಣ ಮಾಡಿಸಿ. ಅರಸಾಳಿನ ಹಳೆಯ ರೈಲು ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ದೂರದಿಂದ ಜನ ಬಂದು ನೋಡಿ ಹೋಗುತ್ತಾರೆ. ಅಲ್ಲೇ ಒಂದು ಮೂಲೆಯಲ್ಲಿ ನಾಲ್ಕು ಹೆಡ್‌ಫೋನ್ ಇಟ್ಟು ಊರಿನವರ ಈ ಮಾತುಗಳನ್ನು ಕೇಳಿಸಲು ರೈಲ್ವೆಯವರ ಜೊತೆ ನೀವು ಮಾತಾಡಿದರೆ ಅವರು ಇಲ್ಲ ಎನ್ನಲಾರರು.

ಚಿತ್ರತಂಡದವರಿಗೆ ಹೇಳುವುದು ಬಹಳ ಇಲ್ಲ. ನೀವು ಬನ್ನಿ. ಮಳೆ, ಕಾಡು, ಮನೆ ಎಲ್ಲ ಇದ್ದಲ್ಲೇ ಇವೆ, ನಿಮ್ಮ ಕೆಲಸದಿಂದ ಇಲ್ಲಿ ನಾಲ್ಕು ಜನರಿಗೆ ದುಡಿಮೆಯೂ ಆಗುತ್ತದೆ. ಮೇಕಿಂಗ್‌ನ ಪಟ್ಟಿ ಮಾಡುವ ದಿನ ನಿಮ್ಮ ಪ್ರೊಡಕ್ಷನ್ ಮ್ಯಾನೇಜರನ್ನು, ಅಡುಗೆಯವರನ್ನು, ನನ್ನಂಥ ಒಬ್ಬರನ್ನು ಕೂರಿಸಿಕೊಂಡು, ಈ ಸಿನಿಮಾದಲ್ಲಿ ಯಾರ ಕೆಲಸ ಯಾರಿಗೂ ಕಾಣದೆ ಹೋಗುತ್ತಿದೆ ಎಂದು ಕೇಳಿ. ಹತ್ತು ನಿಮಿಷದಲ್ಲಿ ನಿಮಗೆ ಹೆಸರುಗಳು ಸಿಗುತ್ತವೆ. ಈಗಾಗಲೇ ಬಿಡುಗಡೆಯಾದ ಆ ಮೇಕಿಂಗ್‌ನ ತಂಡದವರು ಈ ಪತ್ರ ಓದಿದರೆ, ಅಕ್ಕನ ಹೆಸರನ್ನು ಆ ಹತ್ತು ಸೆಕೆಂಡಿನ ಕೆಳಗೆ ಸೇರಿಸಿ ಮತ್ತೆ ಹಾಕಲು ಇನ್ನೂ ಅವಕಾಶ ಇದೆ. ನನ್ನ ನಂಬರ್ ನಿಮ್ಮ ಹತ್ತಿರ ಇದೆ. ಅವರ ಒಪ್ಪಿಗೆ ಕೇಳಿ ಹೆಸರು ಬರೆದು ಕಳಿಸುವುದು ನನ್ನ ಜವಾಬ್ದಾರಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶೂಟಿಂಗ್‌ಗಳಲ್ಲಿ ದುಡಿದವರ ಹೆಸರು, ಊರು, ಮಾಡಿದ ಕೆಲಸ ಇಷ್ಟನ್ನು ನಾವು ಕೆಲವು ಗೆಳತಿಯರು ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹಿಡಿದಿದ್ದೇವೆ. ಅದರ ಪ್ರತಿಯನ್ನು ಅಕಾಡೆಮಿಯ ಕಚೇರಿಗೆ ತಂದು ಕೊಡುತ್ತೇವೆ. ಅದನ್ನು ತೆಗೆದುಕೊಂಡು, ನೋಂದಾಯಿಸಿ, ಮುಂದೆ ಏನು ಮಾಡುತ್ತೀರಿ ಎಂದು ಬರಹದಲ್ಲಿ ಉತ್ತರ ಕೊಡಿ ಎಂದು ವಿನಂತಿ.

ಇಂತಿ,
ಶೂಟಿಂಗ್ ಯುನಿಟ್‌ಗಳಲ್ಲಿ ಕೆಲಸ ಮಾಡುವ ಸಾಗರ ತಾಲ್ಲೂಕಿನ ಒಬ್ಬ ಹೆಣ್ಣುಮಗಳು